ಯಾವ ವರ್ಷದಿಂದ

ಮಾರ್ಚ್ 4

ಅಪ್ಪ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ನೀವು ಫೋನ್ ಕುಕ್ಕಿದ ವಿಷಯ. ಹಾಗೆ ನಡುಮಾತಿನಲ್ಲಿ ಫೋನ್ ಇಡುವುದು ನಿಮ್ಮ ಗಿರಾಕಿಗಳ ಹತ್ತಿರ ನಡೆಯಬಹುದು, ನನ್ನ ಹತ್ತಿರ ನಡೆಯುವುದಿಲ್ಲ. "ಇನ್ಮೇಲೆ ಫೋನ್ ಮಾಡಬೇಡ, ಏನಿದ್ರೂ ಬರೆದು ಕಳಿಸು" ಅಂದಿರಿ. ಸರಿ, ಬರೆದಿದ್ದೇನೆ. ಹೇಗೂ ಇದರ ಜೊತೆ ಇಟ್ಟಿರುವ ಹಾಳೆಯ ಮೇಲೆ ನಿಮ್ಮ ಶಾಯಿಯ ಸಹಿಯೇ ಬೇಕು. ಫೋಟೊ ತೆಗೆದು ಕಳಿಸಿದರೆ ಇಲ್ಲಿಯವರು ಒಪ್ಪುವುದಿಲ್ಲ.

ನೀವು ಪೂರ್ತಿ ಕೇಳಿಸಿಕೊಳ್ಳದೆ ಹೋದದ್ದು ಇಷ್ಟು. ನನ್ನ ಹಾಗೆ ತಾತ್ಕಾಲಿಕ ವೀಸಾದಲ್ಲಿ ಬಂದವರೂ ಇಲ್ಲಿ ವರ್ಷಕ್ಕೊಮ್ಮೆ ಆದಾಯ ತೆರಿಗೆಯ ಲೆಕ್ಕ ಒಪ್ಪಿಸಬೇಕು. ಮೊದಲನೆಯ ವರ್ಷ ನಮ್ಮ ವರ್ಕ್‌ಶಾಪಿನ ಲೆಕ್ಕದ ಹೆಂಗಸು ನನ್ನನ್ನು ಎದುರಿಗೆ ಕೂರಿಸಿಕೊಂಡು, "ನಿನ್ನ ದುಡಿಮೇಲಿ ಊಟ ಮಾಡೋರು ಯಾರಾದ್ರೂ ಇದ್ದಾರಾ?" ಎಂದು ಕೇಳಿದಳು. ಇದ್ದಾರೆ, ನಮ್ಮಪ್ಪ ಅಂದೆ. ಹಾಗೆ ಬರೆದದ್ದಕ್ಕೆ ತೆರಿಗೆ ಕಡಿಮೆಯಾಯಿತು. ಮುಂದಿನ ಎರಡು ವರ್ಷವೂ ಅದನ್ನೇ ಬರೆದೆವು. ಈಗ ತೆರಿಗೆ ಕಚೇರಿಯವರಿಗೆ ಇದ್ದಕ್ಕಿದ್ದಂತೆ ಅನುಮಾನ ಬಂದು, ಹಾಗಾದರೆ ಅದನ್ನು ನಿಮ್ಮಪ್ಪನ ಕೈಯಲ್ಲೇ ಬರೆಸಿ ತಾ ಎನ್ನುತ್ತಿದ್ದಾರೆ.

ಹಾಳೆಯಲ್ಲಿ ನೀವು ಹೇಳಬೇಕಾಗಿರುವುದು ಮೂರೇ ಮಾತು. ಪ್ರತಿಯೊಂದರ ಕೆಳಗೂ ಪೆನ್ಸಿಲಿನಲ್ಲಿ ನಮ್ಮ ಭಾಷೆಯಲ್ಲಿ ಅರ್ಥ ಬರೆದಿದ್ದೇನೆ. ನನ್ನ ಸ್ವಂತ ಆದಾಯ ನನ್ನ ಜೀವನಕ್ಕೆ ಸಾಲುವುದಿಲ್ಲ. ನನ್ನ ಮಗಳು ನನ್ನನ್ನು ನೋಡಿಕೊಳ್ಳುತ್ತಿದ್ದಾಳೆ. ಯಾವ ವರ್ಷದಿಂದ? ಅಲ್ಲಿ ನಾನು ಇಲ್ಲಿಗೆ ಬಂದ ವರ್ಷವನ್ನು ಹಾಕಿ, ಕೆಳಗೆ ಸಹಿ ಮಾಡಿ ಕಳಿಸಿ. ಅಷ್ಟೇ ಕೆಲಸ.

ಜೂನ್ ಮುಗಿಯುವುದರೊಳಗೆ ಇದು ಬರದಿದ್ದರೆ ನಾನು ಸುಳ್ಳು ಬರೆದವಳು ಎಂದಾಗುತ್ತದೆ. ಇದುವರೆಗೆ ಉಳಿಸಿದ ತೆರಿಗೆಯನ್ನೆಲ್ಲ ದಂಡ ಸಮೇತ ಕಟ್ಟಬೇಕು. ಕಟ್ಟುವವರೆಗೆ ವೀಸಾ ಮುಂದುವರಿಸುವುದಿಲ್ಲ. ವೀಸಾ ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಈಗ ನನ್ನ ಕೈಯಲ್ಲಿರುವುದು ಈ ವರ್ಷವಾದರೂ ಊರಿಗೆ ಬರೋಣವೆಂದು ಟಿಕೆಟ್ಟಿಗೆ ಕೂಡಿಟ್ಟ ದುಡ್ಡು ಮಾತ್ರ. ಅದನ್ನು ಆ ಕಚೇರಿಗೆ ಸುರಿಯುವ ಹಾಗೆ ಮಾಡಬೇಡಿ.

ನಿಮ್ಮ ಮಗಳು
(ಸಿಟ್ಟು ಇನ್ನೂ ಇಳಿದಿಲ್ಲ)


ಮಾರ್ಚ್ 19

ಮಗಳಿಗೆ,

ನಿನ್ನ ಕಾಗದ ಓದಿದೆ. ಆಮೇಲೆ ನಿಮ್ಮತ್ತೆಗೂ ಓದಿ ಹೇಳಿದೆ, ಅಕ್ಕನಾದ ಮೇಲೆ ತಮ್ಮನ ಪರ ಒಂದು ಮಾತಾದರೂ ಆಡಲಿ ಎಂದು. ಆಡಲಿಲ್ಲ. ಅದು ಬೇರೆ ವಿಷಯ.

ನಾನು ಸಹಿ ಹಾಕುವುದಿಲ್ಲ.

ಅಂಗಡಿಯ ಬಾಗಿಲನ್ನು ಈಗಲೂ ದಿನಾ ನಾನೇ ತೆಗೆಯುತ್ತೇನೆ. ಸುಟ್ಟ ಮೋಟರು ಹೊತ್ತುಕೊಂಡು ಬಂದವರು "ಮೇಸ್ತ್ರಿ ಇದ್ದಾರಾ?" ಎಂದು ಕೇಳುತ್ತಾರೆಯೇ ಹೊರತು "ಮೇಸ್ತ್ರಿನ ಸಾಕ್ತಾ ಇರೋರು ಯಾರು?" ಎಂದು ಕೇಳುವುದಿಲ್ಲ. ಈ ಬೀದಿಯಲ್ಲಿ ಅಂಗಡಿ ಇಟ್ಟವರೆಲ್ಲ ಬಂದದ್ದನ್ನು ಮುಚ್ಚಿಟ್ಟು ಆಡಿಟರ್ ಮುಂದೆ ಅಳುಮುಖ ಮಾಡಿಕೊಂಡು ಕೂರುತ್ತಾರೆ. ನಾನು ಒಬ್ಬನೇ ಒಗೆದ ಅಂಗಿ ಹಾಕಿಕೊಂಡು ಹೋಗಿ, ರಿಟರ್ನ್ ಹಾಕಿ, ಎಷ್ಟಾಗುತ್ತದೋ ಅಷ್ಟು ತೆರಿಗೆ ಕಟ್ಟಿ ಬರುವವನು. ಅಂಥವನನ್ನು ನೀನು ಪರದೇಶದ ಕಚೇರಿಯಲ್ಲಿ ಏನೆಂದು ಬರೆಸಿದ್ದೀಯ? ಮೂರು ವರ್ಷದಿಂದ! ನನ್ನನ್ನು ಒಂದು ಮಾತು ಕೇಳದೆ!

ನೀನು ಕಳಿಸುವುದನ್ನು ನಾನು ಬೇಡವೆಂದಿಲ್ಲ. ಮಗಳು ಅಕ್ಕರೆಯಿಂದ ಕಳಿಸುತ್ತಾಳೆ, ಅಪ್ಪ ತೆಗೆದುಕೊಳ್ಳುತ್ತಾನೆ. ಅದು ನಮ್ಮಿಬ್ಬರ ವಿಷಯ. ಅದಕ್ಕೆ ಮುದ್ರೆ ಒತ್ತಲು ಆ ಕಚೇರಿಯ ಗುಮಾಸ್ತ ಯಾರು? ನಾಳೆ ನಿಮ್ಮಪ್ಪ ಊಟಕ್ಕೆ ಮೊಸರು ಹಾಕಿಸಿಕೊಂಡನೋ ಇಲ್ಲವೋ ಎಂದೂ ಕೇಳುತ್ತಾನೆ, ಅದಕ್ಕೂ ಸಹಿ ಹಾಕಲೇನು?

ಹಾಳೆಯನ್ನು ವಾರ್ನಿಷ್ ಡಬ್ಬಿಯ ಕೆಳಗೆ ಇಟ್ಟಿದ್ದೇನೆ. ಗಾಳಿಗೆ ಹಾರಿಹೋಗದಿರಲಿ ಎಂದು, ಬೇರೆ ಯಾವ ಉದ್ದೇಶವೂ ಇಲ್ಲ.

ನಿನ್ನ ತಂದೆ,
ವೈಂಡಿಂಗ್ ಮೇಸ್ತ್ರಿ


ಏಪ್ರಿಲ್ 2

ಅಪ್ಪ,

ವೈಂಡಿಂಗ್ ಮೇಸ್ತ್ರಿಯವರ ಅಪ್ಪಣೆ ತಲುಪಿತು. ಈಗ ಇನ್ನೊಬ್ಬ ವೈಂಡಿಂಗ್ ಕೆಲಸದವಳ ಮಾತನ್ನೂ ಕೇಳಿ.

ಇಲ್ಲಿ ಕೆಲಸಕ್ಕೆ ಬರುವ ಮೋಟರುಗಳು ನಮ್ಮ ಅಂಗಡಿಯ ಬಾಗಿಲಲ್ಲಿ ತೂರುವಂಥವಲ್ಲ. ಸರಪಳಿ ಹಾಕಿ ಎತ್ತಿ ಇಳಿಸುತ್ತಾರೆ. ನಾನು ಅದರ ಬಾಯಿಯೊಳಗೆ ಭುಜದವರೆಗೆ ಕೈ ತೂರಿಸಿಕೊಂಡು ದಿನವಿಡೀ ಸುಟ್ಟ ತಂತಿ ಕೀಳುತ್ತೇನೆ, ಹೊಸದನ್ನು ಕೂರಿಸುತ್ತೇನೆ. ಕೋಣೆಗೆ ಬಂದರೆ ಮೈಯೆಲ್ಲ ವಾರ್ನಿಷ್ ವಾಸನೆ. ಅದೇ ಕೋಣೆಯಲ್ಲಿ ಇನ್ನಿಬ್ಬರು ಹೆಂಗಸರಿದ್ದಾರೆ, ಅವರ ಮೂಗು ಮುಚ್ಚಿಕೊಳ್ಳುವ ನಾಟಕವನ್ನು ನೋಡಿಕೊಂಡೇ ಊಟ ಮಾಡಬೇಕು. ಇದನ್ನು ಹೇಳುತ್ತಿರುವುದು ಕನಿಕರಕ್ಕಲ್ಲ. ಆ ಕೆಲಸ ನನಗೆ ಇಷ್ಟ. ಬಿಡಲು ಮನಸ್ಸಿಲ್ಲ, ಅದಕ್ಕೇ ಇಷ್ಟು ಬಡಿದಾಡುತ್ತಿದ್ದೇನೆ.

ಈ ಊರಿನಲ್ಲಿ ನನಗೆ ಎಲ್ಲದಕ್ಕೂ ಬೇರೆ ಸಾಲು. ಆಸ್ಪತ್ರೆಯಲ್ಲಿ ಬೇರೆ ಸಾಲು, ಬ್ಯಾಂಕಿನಲ್ಲಿ ಬೇರೆ ಸಾಲು, ಬಾಡಿಗೆ ಮನೆ ಕೇಳಲು ಹೋದರೆ ಬಾಗಿಲಲ್ಲೇ ನಿಲ್ಲಿಸಿ ವೀಸಾ ಎಷ್ಟು ದಿನವಿದೆ ಎಂದು ಕೇಳುತ್ತಾರೆ. ತೆರಿಗೆ ಕಟ್ಟುವಾಗ ಮಾತ್ರ ನಾನೂ ಎಲ್ಲರ ಜೊತೆ ಒಂದೇ ಸಾಲಿನಲ್ಲಿ ನಿಲ್ಲಬಹುದು. ಅಲ್ಲಿ ನಾನು ತಾತ್ಕಾಲಿಕ ಎಂದು ಯಾರೂ ಹೇಳುವುದಿಲ್ಲ.

ನಿನ್ನೆ ಅರ್ಧ ದಿನ ರಜೆ ಹಾಕಿ, ಇನ್ನಷ್ಟು ಸಮಯ ಕೊಡಿ ಎಂದು ಕೇಳಲು ತೆರಿಗೆ ಕಚೇರಿಗೆ ಹೋಗಿದ್ದೆ. ಕಿಟಕಿಯ ಹಿಂದೆ ಕೂತಿದ್ದವನು ಕಡತದಿಂದ ಮುಖ ಎತ್ತದೆ ಏನಂದ ಗೊತ್ತೇ? "ನಿಮ್ಮ ಕಡೆಯೋರು ಎಲ್ಲರೂ ಹೀಗೇ. ಇಲ್ಲದ ಅಪ್ಪಂದಿರನ್ನ ತೋರಿಸಿ ಟ್ಯಾಕ್ಸ್ ಉಳಿಸ್ತೀರಿ."

ಇಲ್ಲದ ಅಪ್ಪ! ಇದ್ದಾರೆ, ಬೆಟ್ಟದಂಥ ಹಟ ಹಿಡಿದು ಕೂತಿದ್ದಾರೆ ಎಂದು ಕೂಗಬೇಕೆನಿಸಿತು. ಕೂಗಲಿಲ್ಲ, ವೀಸಾದವರು ಅಲ್ಲಿ ಕೂಗುವ ಹಾಗಿಲ್ಲ. ನನಗೆ ಅಪ್ಪ ಇದ್ದಾರೆ ಎಂದು ನೀವೇ ಬರೆದುಕೊಡಬೇಕು. ಬೇರೆ ಯಾರ ಕೈಯಲ್ಲೂ ಬರೆಸಲು ಬರುವುದಿಲ್ಲ.

ನಿಮ್ಮ ಮಗಳು


ಏಪ್ರಿಲ್ 17

ಮಗಳಿಗೆ,

ಇಲ್ಲದ ಅಪ್ಪ ಎಂದನೇ? ಅವನ ನಾಲಿಗೆಗೆ ಮೂಳೆಯಿಲ್ಲ ಎಂದುಕೊಂಡು ಸುಮ್ಮನಿರಲು ನಾನೇನು ಸಾಧು ಅಲ್ಲ.

ಈ ಕಾಗದದ ಜೊತೆ ಕಳೆದ ಸಾಲಿನ ನನ್ನ ರಿಟರ್ನಿನ ನಕಲು ಇದೆ. ಅಂಗಡಿಯ ತಿಂಗಳುವಾರು ವರಮಾನ ಮತ್ತು ಖರ್ಚಿನ ವಿವರವೂ ಇದೆ. ಪ್ರತಿ ಪುಟದ ಮೇಲೂ ಆಡಿಟರ್ ಮೊಹರು ಹಾಕಿಸಿದ್ದೇನೆ. ತೆಗೆದುಕೊಂಡು ಹೋಗಿ ಅವನ ಮುಖಕ್ಕೆ ಹಿಡಿ. ನಮ್ಮಪ್ಪ ಇದ್ದಾರೆ, ಅಂಗಡಿ ಇದೆ, ನೀನು ಕೂತ ಕುರ್ಚಿಯಂಥ ಕುರ್ಚಿಗಳಿಗೆ ಸಂಬಳ ಬರುವುದೇ ಅಂಥವರು ಕಟ್ಟುವ ತೆರಿಗೆಯಿಂದ ಎಂದು ಹೇಳು. ಆಮೇಲೂ ಅವನು ಬಾಯಿ ತೆಗೆದರೆ ನನಗೆ ತಿಳಿಸು.

ಇದರಿಂದ ನಿನ್ನ ಕೆಲಸ ಆಗುತ್ತದೆ. ನನ್ನ ಮರ್ಯಾದೆಯೂ ಉಳಿಯುತ್ತದೆ. ಆ ಮೂರು ಮಾತಿನ ಹಾಳೆಯ ಅಗತ್ಯ ಇನ್ನಿಲ್ಲ.

ನಿನ್ನ ತಂದೆ,
ವೈಂಡಿಂಗ್ ಮೇಸ್ತ್ರಿ


ಮೇ 2

ಅಪ್ಪ,

ನೀವು ಕಳಿಸಿದ್ದನ್ನು ನಾನು ಆ ಕಿಟಕಿಯಲ್ಲಿ ತೋರಿಸಿದ್ದರೆ ಅವತ್ತೇ ನನ್ನ ಕಥೆ ಮುಗಿಯುತ್ತಿತ್ತು. ಅಪ್ಪನಿಗೆ ಆದಾಯ ಸಾಲದು ಎಂದು ಮಗಳು ಬರೆದುಕೊಟ್ಟಿದ್ದಾಳೆ, ಭರ್ತಿ ಆದಾಯವಿದೆ ಎಂದು ಅಪ್ಪ ಮೊಹರು ಹಾಕಿಸಿ ಕಳಿಸಿದ್ದಾರೆ! ಇದಕ್ಕಿಂತ ನೀವೇ ಬಂದು ನನ್ನ ಪಾಸ್‌ಪೋರ್ಟನ್ನು ಒಲೆಗೆ ಹಾಕಬಹುದಿತ್ತು.

ಆದರೆ ನನ್ನ ಸಿಟ್ಟು ಅದಕ್ಕಲ್ಲ. ಊಟದ ಬಿಡುವಿನಲ್ಲಿ ಕೂತು ನಿಮ್ಮ ಅಂಗಡಿಯ ವಿವರ ಓದಿದೆ. ವೈಂಡಿಂಗಿನಿಂದ ಬಂದ ವರಮಾನ ಪುಟ ತುಂಬ ಇದೆ. ಖರ್ಚಿನ ಕಡೆ ನೋಡಿದರೆ, ಇಡೀ ವರ್ಷ ನೀವು ಕೊಂಡ ತಾಮ್ರದ ತಂತಿ ನಾಲ್ಕು ಫ್ಯಾನಿಗೂ ಸಾಲುವುದಿಲ್ಲ. ವಾರ್ನಿಷ್ ಒಂದೇ ಡಬ್ಬಿ, ಅದೂ ನನ್ನ ಹಾಳೆಯ ಮೇಲೆ ಕೂತಿರುವ ಡಬ್ಬಿಯೇ ಇರಬೇಕು. ತಂತಿಯಿಲ್ಲದೆ ಅಷ್ಟು ಮೋಟರುಗಳಿಗೆ ಏನು ಸುತ್ತಿದಿರಿ ಅಪ್ಪ, ಗಾಳಿಯನ್ನೇ?

ಆಮೇಲೆ ತಿಂಗಳುಗಳನ್ನು ನೋಡಿದೆ. ನಾನು ಹೆಚ್ಚುವರಿ ಕೆಲಸ ಮಾಡಿ ಜಾಸ್ತಿ ಕಳಿಸಿದ ತಿಂಗಳು ನಿಮ್ಮ ಅಂಗಡಿಗೂ ಜಾಸ್ತಿ ಮೋಟರು ಬಂದಿವೆ. ನನಗೆ ಜ್ವರ ಬಂದು ಕಡಿಮೆ ಕಳಿಸಿದ ತಿಂಗಳು ಊರಿನಲ್ಲಿ ಒಂದು ಮೋಟರೂ ಸುಟ್ಟಿಲ್ಲ. ನಾನು ಕಳಿಸಿದ ದುಡ್ಡಿಗೆ ನೀವು ಇಲ್ಲದ ಗಿರಾಕಿಗಳ ಹೆಸರಿನಲ್ಲಿ ಬಿಲ್ಲು ಬರೆದಿದ್ದೀರಿ. ಇಲ್ಲಿ ನಾನು ತೆರಿಗೆ ಕಟ್ಟಿ ಕಳಿಸಿದ ದುಡ್ಡಿಗೆ ಅಲ್ಲಿ ನೀವು ಮತ್ತೆ ತೆರಿಗೆ ಕಟ್ಟಿದ್ದೀರಿ, ಒಗೆದ ಅಂಗಿ ಹಾಕಿಕೊಂಡು ಹೋಗಿ! ಲೋಕದಲ್ಲಿ ಎಲ್ಲರೂ ಇರುವ ಆದಾಯ ಮುಚ್ಚಿಟ್ಟು ಸಿಕ್ಕಿಬೀಳುತ್ತಾರೆ. ಇಲ್ಲದ ಆದಾಯ ತೋರಿಸಿ ಸಿಕ್ಕಿಬಿದ್ದವರು ನೀವೊಬ್ಬರೇ ಇರಬೇಕು.

ನನ್ನ ದುಡಿಮೆಯಲ್ಲಿ ನೀವು ಊಟ ಮಾಡುತ್ತಿದ್ದೀರಿ ಎಂದು ಒಪ್ಪಿಕೊಳ್ಳುವುದಕ್ಕಿಂತ ಸರ್ಕಾರಕ್ಕೆ ಅದರಲ್ಲಿ ಪಾಲು ಕೊಡುವುದೇ ವಾಸಿ ಎನಿಸಿತೇ ನಿಮಗೆ? ನನ್ನ ದುಡಿಮೆಗೆ ನನ್ನ ಹೆಸರಿರುವುದು ಅಷ್ಟು ಅವಮಾನವೇ?

ಇದುವರೆಗೆ ಬಾಯಿ ಬಿಟ್ಟು ಹೇಳದೆ ಇದ್ದದ್ದನ್ನು ಈಗ ಹೇಳುತ್ತೇನೆ. ನೀವು ನನ್ನ ದುಡಿಮೆಯ ಮೇಲೆ ನಿಂತಿರುವುದು ಇವತ್ತು ನಿನ್ನೆಯಿಂದ ಅಲ್ಲ. ನಿಮ್ಮ ಬಲಗೈ ಓಡುತ್ತಿದ್ದ ಮೋಟರಿನ ಬೆಲ್ಟಿಗೆ ಸಿಕ್ಕಿ ಬೆರಳುಗಳು ಮಡಿಸಲು ಬಾರದ ಹಾಗೆ ಆದಾಗ ನಾನು ಎಂಟನೇ ಕ್ಲಾಸು. ಆಮೇಲೆ ಆ ಅಂಗಡಿಯಲ್ಲಿ ಸಣ್ಣ ತಂತಿ ಸುತ್ತಿದ್ದು ಯಾರ ಬೆರಳು? ಸ್ಕೂಲಿನಿಂದ ಬಂದು ಬ್ಯಾಗು ಇಡುವುದಕ್ಕೂ ಪುರುಸೊತ್ತಿಲ್ಲದೆ ಕೂರುತ್ತಿದ್ದೆ. ಯಾರಾದರೂ ಗಿರಾಕಿ ಬಂದರೆ ನೀವು ನನ್ನನ್ನು ಪರದೆಯ ಹಿಂದೆ ಕಳಿಸುತ್ತಿದ್ದಿರಿ. "ಮೇಸ್ತ್ರಿ ಕೈ ಅಂದ್ರೆ ಕೈ!" ಎಂದು ಅವರು ಹೊಗಳುವುದು ಅಲ್ಲಿಗೂ ಕೇಳಿಸುತ್ತಿತ್ತು. ಆಗ ನನಗೆ ಖುಷಿಯಾಗುತ್ತಿತ್ತು ಅಪ್ಪ. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಸಹಿ ಹಾಕುವುದೂ ಬಿಡುವುದೂ ನಿಮಗೆ ಬಿಟ್ಟದ್ದು.

ಮಗಳು


ಮೇ 23

ಪುಟ್ಟಿ,

ನಿಮ್ಮತ್ತೆ ಬರೀತಾ ಇರೋದು. ನನಗೆ ನಿಮ್ಮ ಹಾಗೆ ಪುಸ್ತಕದ ಭಾಷೆ ಬರಲ್ಲ, ಮಾತಾಡೋ ಹಾಗೇ ಬರೀತೀನಿ.

ನಿನ್ನ ಕಾಗದ ಬಂದಾಗಿಂದ ನಿಮ್ಮಪ್ಪ ಬಾಯಿಗೆ ಬೀಗ ಹಾಕ್ಕೊಂಡಿದ್ದಾನೆ. ಉಪ್ಪು ಕಮ್ಮಿಯಾದ್ರೂ ಮಾತಿಲ್ಲ, ಜಾಸ್ತಿಯಾದ್ರೂ ಮಾತಿಲ್ಲ. ಏನು ಬರೆದಿದ್ದಾಳೆ ಅಂದ್ರೆ ಹೇಳಲಿಲ್ಲ. ಅವನು ಸ್ನಾನಕ್ಕೆ ಹೋದಾಗ ನಾನೇ ತೆಗೆದು ಓದಿದೆ. ಓದಬಾರದಿತ್ತು ಅಂತ ನೀನು ಹೇಳಬಹುದು. ಓದಿಯಾಯ್ತು.

ನೀನು ಬರೆದಿದ್ದು ಸರಿ, ಬರೆದ ರೀತಿ ಸರಿಯಿಲ್ಲ ಅಂತ ಬುದ್ಧಿ ಹೇಳೋಣ ಅಂತಲೇ ಕೂತೆ. ಯೋಚನೆ ಮಾಡಿದ್ರೆ ರೀತೀನೂ ಸರಿಯಾಗೇ ಇದೆ. ಅವನಿಗೆ ಮೆತ್ತಗೆ ಹೇಳಿದ್ದು ಯಾವತ್ತು ಕೇಳಿಸಿದೆ?

ನಿನಗೆ ಗೊತ್ತಿಲ್ಲದ್ದು ಒಂದಿದೆ. ಈಗ ಯಾರೂ ಮೋಟರು ಸುತ್ತಿಸಲ್ಲ ಕಣೇ. ಸುಟ್ಟರೆ ಬಿಸಾಕಿ ಹೊಸದು ತಗೋತಾರೆ. ಅವನು ಬೆಳಿಗ್ಗೆ ಹೋಗಿ ಬಾಗಿಲು ತೆಗೀತಾನೆ, ಅದೇ ಒಂದು ಹಳೇ ಫ್ಯಾನು ಬಿಚ್ಚಿ ಒರೆಸ್ತಾನೆ, ಮತ್ತೆ ಕೂಡಿಸ್ತಾನೆ. ನಾನು ಊಟ ತಗೊಂಡು ಹೋದಾಗ ಕಣ್ಣಾರೆ ನೋಡಿದ್ದೀನಿ. "ಮೇಸ್ತ್ರಿ ಬಿಜಿ" ಅಂತ ನಾನೂ ಬೀದೀಲಿ ಹೇಳ್ಕೊಂಡು ಬಂದೆ. ನಂದೂ ತಪ್ಪಿದೆ ಅನ್ನು.

ಮೊನ್ನೆ ಒಗೆದ ಅಂಗಿ ಹಾಕ್ಕೊಂಡು ಆಡಿಟರ್ ಹತ್ತಿರ ಹೋಗಿ ಎಲ್ಲಾ ಹೇಳ್ಕೊಂಡಿದ್ದಾನೆ. ಆಡಿಟರು ಕನ್ನಡಕ ತೆಗೆದು, "ಮೇಸ್ತ್ರೀ, ಆದಾಯ ಕಮ್ಮಿ ಮಾಡಿ ಬರ್ಕೊಡಿ ಅಂತ ಬರೋರು ದಿನಾ ಬರ್ತಾರೆ. ನಿಜವಾಗ್ಲೂ ಕಮ್ಮಿ ಇರೋರು ಬಂದಿದ್ದು ಇದೇ ಮೊದಲು" ಅಂದ್ರಂತೆ. ಮನೆಗೆ ಬಂದು ಇದನ್ನ ಹೇಳ್ದ. ನಾನು ನಕ್ಕುಬಿಟ್ಟೆ. ಅವನು ನಗಲಿಲ್ಲ, ಊಟಾನೂ ಮಾಡಲಿಲ್ಲ.

ನಂಗೂ ನಿನ್ನ ಮೇಲೆ ಸಿಟ್ಟಿದೆ. ಅದೇ ಮನೇಲಿ ಅದೇ ದುಡ್ಡಲ್ಲಿ ನಾನೂ ಊಟ ಮಾಡ್ತೀನಿ. ನನ್ನ ಹೆಸರು ಯಾಕೆ ಬರೆಸಲಿಲ್ಲ? ನಂಗೆ ಯಾವ ನಾಚಿಕೇನೂ ಇಲ್ಲ. ಒಂದು ಹಾಳೆ ಕಳಿಸು, ಎಲ್ಲಿ ಬೇಕೋ ಅಲ್ಲಿ ಸಹಿ ಹಾಕ್ತೀನಿ.

ನಿನ್ನ ಅತ್ತೆ


ಜೂನ್ 7

ಮಗಳಿಗೆ,

ಹಾಳೆ ಇದರ ಜೊತೆ ಇದೆ. ಸಹಿ ಹಾಕಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೆ ಸಿಟ್ಟು ಕಾರಣ, ಬೆರಳಲ್ಲ.

ಇಲ್ಲಿಯ ರಿಟರ್ನುಗಳಲ್ಲಿ ತಿದ್ದಲು ಬರುವಷ್ಟನ್ನು ತಿದ್ದಿಸಿದ್ದೇನೆ. ಉಳಿದದ್ದಕ್ಕೆ ಆಡಿಟರ್ ವಿವರಣೆ ಬರೆದುಕೊಟ್ಟಿದ್ದಾರೆ, ಅದೂ ಜೊತೆಯಲ್ಲಿದೆ. ಆ ಕಿಟಕಿಯವನು ಕೇಳಿದರೆ ಕೊಡು.

ತಂದೆಗೆ ಹಾಗೆ ಬರೆಯಬಾರದಿತ್ತು. ನನ್ನ ಸಿಟ್ಟು ಹೋಗಿಲ್ಲ, ಇಷ್ಟು ಬೇಗ ಹೋಗುವುದೂ ಇಲ್ಲ.

ನೀನು ಪೆನ್ಸಿಲಿನಲ್ಲಿ ಹೇಳಿದ ಹಾಗೆಯೇ ತುಂಬಿದ್ದೇನೆ, ಒಂದು ಕಡೆ ಬಿಟ್ಟು. ಕಚೇರಿಗೆ ಕೊಡುವ ಕಾಗದದಲ್ಲಿ ಇನ್ನು ಮೇಲೆ ಇಲ್ಲದ್ದನ್ನು ಬರೆಯುವುದಿಲ್ಲ ಎಂದು ಆಡಿಟರಿಗೆ ಮಾತು ಕೊಟ್ಟು ಬಂದಿದ್ದೇನೆ. ಹಾಗಾಗಿ ಅಲ್ಲಿ ಇದ್ದದ್ದನ್ನು ಬರೆದಿದ್ದೇನೆ.

ತಿದ್ದಬೇಡ.

ನಿನ್ನ ತಂದೆ


ಜೂನ್ 29

ಅಪ್ಪ,

ನಿಮ್ಮ ಮೇಲೆ ನನಗೆ ಬಂದಿರುವ ಸಿಟ್ಟು ಕಾಗದದಲ್ಲಿ ಹಿಡಿಸುವಂಥದ್ದಲ್ಲ. ಆದರೂ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಿಮ್ಮ ಲಕೋಟೆಯನ್ನು ವರ್ಕ್‌ಶಾಪಿನಲ್ಲೇ ಒಡೆದೆ. ಸಹಿ ನೋಡಿ ಉಸಿರು ಬಿಟ್ಟೆ. ಆಮೇಲೆ ವರ್ಷ ನೋಡಿ, ಇದೇನು, ಅಪ್ಪನಿಗೆ ನಾನು ಇಲ್ಲಿಗೆ ಬಂದ ವರ್ಷವೇ ಮರೆತುಹೋಯಿತೇ ಎಂದುಕೊಂಡೆ. ಅದು ಯಾವ ವರ್ಷವೆಂದು ಹೊಳೆದ ಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ, ಅರ್ಧ ಸುತ್ತಿದ ಮೋಟರಿನ ಪಕ್ಕ. ನಾನು ಎಂಟನೇ ಕ್ಲಾಸಿನಲ್ಲಿದ್ದ ವರ್ಷ.

ಲೆಕ್ಕದ ಹೆಂಗಸು ಹಾಳೆ ನೋಡಿ, "ಇದನ್ನ ಹೀಗೇ ಕೊಟ್ರೆ ತಗೊಳ್ಳಲ್ಲ. ಆ ಅಂಕಿ ಮೇಲೆ ಸ್ವಲ್ಪ ಬಿಳಿ ಹಚ್ಚಿಬಿಡೋಣ" ಅಂದಳು. ಬೇಡ ಅಂದೆ. ಇವತ್ತು ಕಚೇರಿಗೆ ಹೋದೆ. ಕಿಟಕಿಯಲ್ಲಿ ಅವನೇ ಇದ್ದ.

"ವರ್ಷ ತಪ್ಪಾಗಿದೆ" ಅಂದ.

"ತಪ್ಪಿಲ್ಲ."

"ಆಗ ನಿಮಗೆ ವಯಸ್ಸೆಷ್ಟು?"

"ಹದಿಮೂರು."

"ಹದಿಮೂರು ವರ್ಷದ ಹುಡುಗಿ ಅಪ್ಪನ್ನ ಸಾಕ್ತಾ ಇದ್ಲಾ?"

"ಹೌದು."

ಅವನು ನಕ್ಕ. ಕೆಟ್ಟವನಲ್ಲ, ಕೆಲಸ ಮುಗಿಸುವ ಅವಸರದಲ್ಲಿದ್ದ. ಪೆನ್ನನ್ನು ನನ್ನ ಕಡೆ ತಳ್ಳಿ, "ಗೆರೆ ಎಳೆದು ನೀವು ಇಲ್ಲಿಗೆ ಬಂದ ವರ್ಷ ಬರೆದು, ಪಕ್ಕದಲ್ಲೊಂದು ಸಹಿ ಹಾಕಿ. ಮಿಕ್ಕಿದ್ದೆಲ್ಲ ಸರಿಯಾಗಿದೆ. ಇಲ್ಲಾಂದ್ರೆ ನಾನು ತಗೊಳ್ಳೋ ಹಾಗಿಲ್ಲ" ಅಂದ.

ನಾನು ಪೆನ್ನು ತೆಗೆದುಕೊಂಡೆ ಅಪ್ಪ. ಟಿಕೆಟ್ಟು ಕಣ್ಣ ಮುಂದೆ ಬಂತು. ಅತ್ತೆಯ ಅಡುಗೆಮನೆ, ನಮ್ಮ ಅಂಗಡಿಯ ಮೆಟ್ಟಿಲು ಎಲ್ಲ ಬಂದವು. ಒಂದು ಗೆರೆ ಎಳೆದರೆ ಮುಂದಿನ ತಿಂಗಳು ಅಲ್ಲಿರಬಹುದಿತ್ತು. ಪೆನ್ನಿನ ಮೊನೆಯನ್ನು ಹಾಳೆಯ ಹತ್ತಿರ ತಂದೆ. ಆ ಅಂಕಿಗಳು ಎಷ್ಟು ಸೊಟ್ಟಗಿದ್ದವು! ಮಡಿಸಲು ಬಾರದ ಬೆರಳುಗಳ ನಡುವೆ ಪೆನ್ನು ಸಿಕ್ಕಿಸಿಕೊಂಡು ನೀವು ಅದನ್ನು ಒತ್ತಿ ಒತ್ತಿ ಬರೆದದ್ದು ಹಾಳೆಯ ಹಿಂಬದಿಗೂ ಮೂಡಿದೆ. ಅದರ ಮೇಲೆ ಗೆರೆ ಎಳೆಯಲು ನನಗೆ ಕೈ ಬರಲಿಲ್ಲ.

ಪೆನ್ನು ಇಟ್ಟು ಹಾಳೆ ಎಳೆದುಕೊಂಡೆ. ಆಮೇಲೆ ಅವನಿಗೆ ಬೈದೆ. ವೀಸಾದವರು ಕೂಗಬಾರದು ಎನ್ನುವುದನ್ನೂ ಮರೆತು, ಹಿಂದೆ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ, ನಮ್ಮ ಭಾಷೆಯಲ್ಲಿ ಬೈದೆ. ಅವನಿಗೆ ಒಂದಕ್ಷರ ತಿಳಿಯಲಿಲ್ಲ. ನಿಜ ಹೇಳಬೇಕೆಂದರೆ ಅದರಲ್ಲಿ ಅರ್ಧ ನಿಮಗೆ ಸೇರಬೇಕಾದದ್ದು.

ಪಕ್ಕದ ಕಿಟಕಿಗೆ ಹೋಗಿ ಎಲ್ಲವನ್ನೂ ದಂಡ ಸಮೇತ ಕಟ್ಟಿದೆ. ಬಾಕಿಯಿಲ್ಲ ಎಂದು ಕಾಗದ ಕೊಟ್ಟರು. ವೀಸಾ ಮುಂದುವರಿಯುತ್ತದೆ. ಟಿಕೆಟ್ಟಿನ ದುಡ್ಡು ಹೋಯಿತು. ಈ ವರ್ಷವೂ ನಾನು ಬರುವುದಿಲ್ಲ. ಇದಕ್ಕಾಗಿ ನಿಮ್ಮನ್ನು ಎಷ್ಟು ಕಾಡಿದೆ, ಕೊನೆಗೆ ಕೈಗೆ ಬಂದದ್ದನ್ನು ನಾನೇ ಕೊಡದೆ ಬಂದೆ. ಹಟದಲ್ಲಿ ನಾನು ಯಾರ ಮಗಳು ಎಂದು ಇನ್ನು ಯಾವ ಕಚೇರಿಗೂ ಬರೆದುಕೊಡಬೇಕಾಗಿಲ್ಲ.

ಹಾಳೆ ನನ್ನ ಟೂಲ್ ಬಾಕ್ಸಿನಲ್ಲಿದೆ. ಇನ್ನೊಂದು ಬರೆದು ಕಳಿಸಬೇಡಿ. ಮುಂದಿನ ಸಲ ಅತ್ತೆಯ ಹೆಸರು ಬರೆಸುತ್ತೇನೆ, ಅವರಿಗೆ ತಿಳಿಸಿ. ಇಲ್ಲದ ಮೋಟರಿಗೆ ಬಿಲ್ಲು ಬರೆಯಬೇಡಿ. ಕಳಿಸಿದ ದುಡ್ಡಲ್ಲಿ ಹೊಟ್ಟೆ ತುಂಬ ಊಟ ಮಾಡಿ.

ಇನ್ನೊಂದು ವಿಷಯಕ್ಕೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದಿದೆ. ಈ ಸಲ ಸಹಿಯ ಕೆಳಗೆ ವೈಂಡಿಂಗ್ ಮೇಸ್ತ್ರಿ ಎಂದು ಯಾಕೆ ಬರೆಯಲಿಲ್ಲ? ಅದು ಸುಳ್ಳೆಂದು ನಾನು ಯಾವಾಗ ಹೇಳಿದೆ? ನನಗೆ ಈ ಕೆಲಸ ಹೇಳಿಕೊಟ್ಟದ್ದು ಯಾರು, ಆಡಿಟರೇ?

ಅಂಗಡಿಯಲ್ಲಿ ಆ ಪರದೆ ಇನ್ನೂ ಇದ್ದರೆ ಇವತ್ತೇ ಕಿತ್ತುಹಾಕಿ. ಕಿತ್ತ ಮೇಲೆ ನನಗೆ ಫೋನ್ ಮಾಡಿ. ನಿಮ್ಮ ಪಾಲಿನ ಬೈಗುಳ ಬಾಕಿ ಇದೆ, ಪೂರ್ತಿ ಕೇಳಿಸಿಕೊಂಡು ಆಮೇಲೆ ಇಡಿ.

ನಿಮ್ಮ ಮಗಳು